ಕಿರ್ ಎಂದದ್ದು ಯಾರು?

ಮಹಬೂಬ್‌ನಗರದಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಮರಿಕಲ್‌ನಲ್ಲಿ ಸೈಕಲ್ ‘ಕಿರ್’ ಎಂದರೆ ಸಲಹೆಗಾರರಿಗೆ ಬರವಿಲ್ಲ. ಚಹಾ ಕುಡಿಯುತ್ತ ಕೂತವರಲ್ಲಿ ಒಬ್ಬರು ಸೀಟು ಅಂತಾರೆ, ಇನ್ನೊಬ್ಬರು ಚೈನು. ಮೂರನೆಯವರು ಸವಾರನ ಹೊಟ್ಟೆಯ ಕಡೆ ನೋಡಿ ನಗುತ್ತಾರೆ.

ಹಳೆಯ ಕಪ್ಪು ಸೈಕಲ್ಲಿನ ರೋಗ ಸರಳ. ಪೆಡಲಿನ ಪ್ರತಿ ಸುತ್ತಿಗೂ ಒಮ್ಮೆ ‘ಟಕ್’ ಎಂದರೆ ಮೊದಲ ಗುಮಾನಿ ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಮೇಲೆ. ಸುತ್ತಿಗೆಯ ಎರಡು ಏಟು, ನಟ್ಟಿಗೊಂದು ತಿರುವು. ಬಹುಪಾಲು ಅಲ್ಲಿಗೆ ತೆಪ್ಪಗಾಗುತ್ತದೆ.

ಮುಂದೆಯೂ ಹಿಂದೆಯೂ ಶಾಕ್ ಇರುವ ಮೌಂಟನ್ ಬೈಕ್ ಬಂದಾಗ ಪಂಚಾಯ್ತಿ ತಬ್ಬಿಬ್ಬು. ಅದರ ಹಿಂಭಾಗ ಹಲವು ಕೀಲುಗಳ ಮೇಲೆ ಏರಿಳಿಯುತ್ತದೆ, ಕೀಲುಗಳಲ್ಲಿ ಬೇರಿಂಗ್. ಚಕ್ರದ ಬೇರಿಂಗ್ ಪೂರ್ತಿ ಸುತ್ತುತ್ತದೆ. ಕೀಲಿನದು ಕೆಲವೇ ಡಿಗ್ರಿ ಹೊರಳಿ ವಾಪಸಾಗುತ್ತದೆ. ಹಾಗಾಗಿ ಗುಂಡುಗಳು ಒಂದೇ ಜಾಗವನ್ನು ಒತ್ತಿ ಒತ್ತಿ ಕುಳಿ ಮಾಡುತ್ತವೆ. ಅದರ ಮೇಲೆ, ಹೊಳೆಯಲಿ ಅಂತ ಪ್ರೆಷರ್ ನೀರು ಹೊಡೆಸುವ ಭಕ್ತಿ ಬೇರೆ! ನೀರು ಒಳನುಗ್ಗಿ ಗ್ರೀಸು ಕೆಡುತ್ತದೆ, ತುಕ್ಕು ಹಿಡಿಯುತ್ತದೆ. ಸದ್ದೋ, ಫ್ರೇಮಿನ ಕೊಳವೆಗಳಲ್ಲಿ ಓಡಾಡಿ ಬೇರೆಲ್ಲೋ ಕೇಳಿಸುತ್ತದೆ. ನಿರಪರಾಧಿ ಪೆಡಲಿಗೆ ಶಿಕ್ಷೆ.

ನಿಂತು ತುಳಿದಾಗ ಸದ್ದು ಅಡಗಿದರೆ ಸೀಟು, ಸೀಟಿನ ಕಂಬಿ ನೋಡಬೇಕು. ತುಳಿಯದೆ ಬರೀ ಅದುಮಿದರೂ ಕಿರುಗುಟ್ಟಿದರೆ ಕೀಲು ಅಥವಾ ಶಾಕಿನ ಬುಷ್. ಬೋಲ್ಟುಗಳ ಬಿಗಿ ನೋಡಿದ ಮೇಲೆ ಹಿಂದಿನ ಶಾಕ್ ಕಳಚಿ, ಹಿಂಭಾಗವನ್ನು ಕೈಯಿಂದ ಎತ್ತಿ ಇಳಿಸಬೇಕು. ತಡೆದು ತಡೆದು ಬಂದರೆ ಬೇರಿಂಗ್ ಸವೆದಿದೆ. ಅಡ್ಡಡ್ಡ ಅಲುಗಿದರೂ ಅದರ ಮೇಲೇ ಅನುಮಾನ.

ಸುತ್ತಿಗೆ ಹಿಡಿದು ಬಂದ ಉತ್ಸಾಹಿಗೆ ಮಾತ್ರ ಇಲ್ಲಿ ಕೆಲಸವಿಲ್ಲ: ಹೊಸ ಬೇರಿಂಗನ್ನು ಹೊರ ಬಳೆಯ ಮೇಲೆ ಸಮನಾಗಿ ಒತ್ತಿ, ಪ್ರೆಸ್ಸಿನಿಂದ ಕೂರಿಸಬೇಕು.