ಇಲ್ಲದ ದೇಶದ ಪೌರತ್ವ: ಅರ್ಜಿದಾರರ ಗಮನಕ್ಕೆ

ಅರ್ಜಿಯನ್ನು ನೀಲಿ ಅಥವಾ ಕಪ್ಪು ಶಾಯಿಯಲ್ಲಿ ಮಾತ್ರ ತುಂಬತಕ್ಕದ್ದು. ಚಿತ್ತುಕಾಟು ಇರಕೂಡದು. ಇತ್ತೀಚಿನ ಭಾವಚಿತ್ರ ನಾಲ್ಕು ಪ್ರತಿ, ಎರಡೂ ಕಿವಿ ಕಾಣುವಂತಿರಬೇಕು (ಕಿವಿ ಏಕೆಂಬುದು ಲಿಲಿಪುಟ್ ಭಾಗದಲ್ಲಿ ತಿಳಿಯುತ್ತದೆ). ಎಲ್ಲ ಮೂಲ ದಾಖಲೆಗಳಿಗೂ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಹೋಗಬೇಕೆಂದಿರುವ ದೇಶ ಭೂಪಟದಲ್ಲಿಲ್ಲ ಎಂಬ ಕಾರಣಕ್ಕೆ ಯಾವ ದಾಖಲೆಗೂ ವಿನಾಯಿತಿ ಇರುವುದಿಲ್ಲ.

ಪುಸ್ತಕಗಳಲ್ಲಿ ಮಾತ್ರ ಇರುವ ದೇಶಗಳಿಗೆ ಹೋಗಿ ನೆಲೆಸಬಯಸುವವರಿಗಾಗಿ ಈ ಕೈಪಿಡಿ. ಇದನ್ನು ಬರೆಯಲು ಪ್ರೇರಣೆ ಒಂದು ಸಣ್ಣ ಮುಖಭಂಗ. ವಾಸಸ್ಥಳ ದೃಢೀಕರಣ ಪತ್ರಕ್ಕೆಂದು ಒಂದು ಕಚೇರಿಗೆ ಹೋಗಿದ್ದೆ. ನಾನು ಇದೇ ಊರಿನವನು ಎನ್ನುವುದಕ್ಕೆ ಸಾಕ್ಷಿ ಕೇಳಿದರು. ಕೇಳಿದ ಹುಡುಗ ನಮ್ಮ ಪಕ್ಕದ ಬೀದಿಯವನು, ಅವನ ಅಪ್ಪ ನನ್ನ ಸಹಪಾಠಿ. "ಅಂಕಲ್, ನನಗೇನೋ ಗೊತ್ತು. ಸಿಸ್ಟಂಗೆ ಗೊತ್ತಾಗಬೇಕಲ್ಲ" ಅಂದ. ಮನೆಗೆ ಬಂದು, ಇಷ್ಟೆಲ್ಲ ತಾಪತ್ರಯವಿಲ್ಲದ ದೇಶ ಯಾವುದಾದರೂ ಇದ್ದೀತೆ ಎಂದು ಕಪಾಟು ತಡಕಿದೆ. ಆ ದೇಶಗಳನ್ನು ಕಟ್ಟಿದವರನ್ನು ಹೇಳುವವರು ಕೇಳುವವರು ಇರಲಿಲ್ಲ. ಬೇಕಿದ್ದರೆ ಹೊನ್ನಿನ ಮಳೆ ಸುರಿಸಬಹುದಿತ್ತು. ಕೆಲವರು ಸುರಿಸಿದ್ದಾರೆ ಕೂಡ. ಆದರೆ ಊರು ಕಟ್ಟಿ ಮುಗಿಯುವ ಮೊದಲೇ ಬಾಗಿಲಲ್ಲಿ ಒಬ್ಬನನ್ನು ಕೂರಿಸಿ, ಅವನ ಕೈಗೊಂದು ಕಾಗದ ಕೊಟ್ಟಿದ್ದಾರೆ.

ಹೋಲಿಕೆಗೆ ಮೊದಲು ಸ್ವದೇಶದ ಅಳತೆಗೋಲು. ನಮ್ಮ 1955ರ ಪೌರತ್ವ ಕಾಯ್ದೆಯ ಸಾಮಾನ್ಯ ನಿಯಮದಂತೆ, ದೇಶೀಕರಣ ಬಯಸುವ ವಿದೇಶಿಯರು ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲಿಯೇ ಇದ್ದಿರಬೇಕು. ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇದ್ದಿರಬೇಕು. ಸನ್ನಡತೆ ಇರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಒಂದಾದರೂ ಸಾಕಷ್ಟು ಬರಬೇಕು. ಕನ್ನಡವೂ ಅದರಲ್ಲಿದೆ, ಆದ್ದರಿಂದ ಕನ್ನಡ ಕಲಿತೇ ಭಾರತೀಯರಾಗಬಹುದು. ಬೆಂಗಳೂರಿನಲ್ಲಿ ಮನೆ ಮಾಡಿದವರಿಗೂ ಇಲ್ಲದ ಷರತ್ತು ಇದು. ಅದೇ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ಇಲ್ಲದ ದೇಶದ ಪೌರತ್ವ ಪಡೆದರೆ ಇರುವ ದೇಶದ್ದು ಹೋಗುತ್ತದೆಯೇ ಎಂಬುದನ್ನು ನಿಮ್ಮ ವಕೀಲರಲ್ಲಿ ವಿಚಾರಿಸಿ. ಫೀಸನ್ನು ಮೊದಲೇ ಮಾತಾಡಿಕೊಳ್ಳಿ.

ಲಿಲಿಪುಟ್

ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಈ ದೇಶದ ಪ್ರಜೆಗಳು ಆರಂಗುಲದವರು. ಆದರೆ ಕಡತಗಳು ನಮ್ಮಷ್ಟೇ ಎತ್ತರ.

ಮೊದಲು ಜೇಬು ತಪಾಸಣೆ. ಸ್ವಿಫ್ಟ್‌ನ ಕಥಾನಾಯಕ ಗಲಿವರನ ಅಂಗಿಯೊಳಕ್ಕೆ ಇಳಿದ ಇಬ್ಬರು ಅಧಿಕಾರಿಗಳು ಕಂಡದ್ದನ್ನೆಲ್ಲ ಪಟ್ಟಿ ಮಾಡಿದರು. ಕರವಸ್ತ್ರವನ್ನು ಅರಮನೆಯ ಮುಖ್ಯ ಹಜಾರಕ್ಕೆ ಸಾಕಾಗುವ ಜಮಖಾನೆ ಎಂದು ದಾಖಲಿಸಿದರು. ಟಿಕ್‌ಟಿಕ್ ಎನ್ನುವ ಗಡಿಯಾರವನ್ನು ಬಹುಶಃ ಅವನ ಕುಲದೇವರು ಎಂದು ಬರೆದುಕೊಂಡರು, ಏಕೆಂದರೆ ಅದನ್ನು ಕೇಳದೆ ಅವನು ಯಾವ ಕೆಲಸಕ್ಕೂ ಕೈಹಾಕುತ್ತಿರಲಿಲ್ಲ. ಈಗಿನ ಅರ್ಜಿದಾರರು ಮೊಬೈಲನ್ನು ಧರ್ಮದ ಕಾಲಂನಲ್ಲಿ ತಾವಾಗಿಯೇ ನಮೂದಿಸಿದರೆ ಕೆಲಸ ಬೇಗ ಆಗುತ್ತದೆ.

ನಂತರ ಭಾಷೆ. ಆರು ಮಂದಿ ಮಹಾಪಂಡಿತರು ಮನೆಗೇ ಬಂದು ಕಲಿಸುತ್ತಾರೆ, ಫೀಸಿಲ್ಲ. ಆಮೇಲೆ ಪ್ರಮಾಣವಚನ. ಅರ್ಜಿದಾರರು ಎಡಗೈಯಲ್ಲಿ ಬಲಪಾದವನ್ನು ಹಿಡಿದುಕೊಂಡು, ಬಲಗೈಯ ನಡುಬೆರಳನ್ನು ನೆತ್ತಿಯ ಮೇಲೂ ಹೆಬ್ಬೆರಳನ್ನು ಬಲಗಿವಿಯ ತುದಿಗೂ ಇಡತಕ್ಕದ್ದು. ಯೋಗಾಸನದ ಅಭ್ಯಾಸವಿದ್ದವರಿಗೆ ಅನುಕೂಲ. ಮಂಡಿನೋವು ಇರುವವರು ವೈದ್ಯರ ಪತ್ರ ತಂದರೂ ಪ್ರಯೋಜನವಿಲ್ಲ.

ಷರತ್ತುಗಳನ್ನು ಓದಿಯೇ ಸಹಿ ಹಾಕಿ. ಮೊಹರಿನ ಅಪ್ಪಣೆಯಿಲ್ಲದೆ ದೇಶ ಬಿಡುವಂತಿಲ್ಲ. ರಾಜಧಾನಿಗೆ ಬರುವುದಿದ್ದರೆ ಜನರು ಒಳಗೆ ಸೇರಿಕೊಳ್ಳಲು ಎರಡು ಗಂಟೆ ಮೊದಲು ಸಾರಬೇಕು. ಹುಲ್ಲುಗಾವಲು, ಪೈರಿನ ಹೊಲಗಳಲ್ಲಿ ಅಡ್ಡಾಗುವಂತಿಲ್ಲ. ಪ್ರಜೆಗಳನ್ನು ಅವರ ಒಪ್ಪಿಗೆಯಿಲ್ಲದೆ ಅಂಗೈಯಲ್ಲಿ ಎತ್ತಿಕೊಳ್ಳುವಂತಿಲ್ಲ. ತುರ್ತು ಟಪಾಲಿದ್ದರೆ ತಿಂಗಳಿಗೊಮ್ಮೆ ಆಳನ್ನೂ ಅವನ ಕುದುರೆಯನ್ನೂ ಜೇಬಿನಲ್ಲಿ ಹಾಕಿಕೊಂಡು ಆರು ದಿನದ ದಾರಿ ಮುಟ್ಟಿಸಿ ಬರಬೇಕು. ಇದಕ್ಕೆಲ್ಲ ಪ್ರತಿಯಾಗಿ ದಿನಕ್ಕೆ 1,728 ಪ್ರಜೆಗಳ ಪಡಿತರ. ಈ ಅಂಕಿಯನ್ನು ಯಾರೂ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಆಸ್ಥಾನದ ಗಣಿತಜ್ಞರು ಅಳೆದು ನೋಡಿ, ಅವನ ಎತ್ತರ ತಮ್ಮ ಹನ್ನೆರಡರಷ್ಟು, ಹಾಗಾದರೆ ಗಾತ್ರ ಹನ್ನೆರಡರ ಘನ ಎಂದು ಲೆಕ್ಕ ಹಾಕಿದರು. ನಮ್ಮ ಪಡಿತರ ಚೀಟಿಯಲ್ಲಿ ಎತ್ತರದ ಕಾಲಂ ಇಲ್ಲದಿರುವುದನ್ನು ನೆನೆದು ನಾನು ಆರಡಿಯ ನನ್ನ ಭಾವನ ಪರವಾಗಿ ಬೇಸರಪಟ್ಟುಕೊಂಡೆ.

ಮೊಟ್ಟೆಯ ಬಗ್ಗೆ ಪ್ರತ್ಯೇಕ ಅಫಿಡವಿಟ್ ಬೇಕು. ಇಲ್ಲಿ ಮೊಟ್ಟೆಯನ್ನು ಸಣ್ಣ ತುದಿಯಿಂದಲೇ ಒಡೆಯತಕ್ಕದ್ದು. ದೊಡ್ಡ ತುದಿಯೇ ಸರಿ ಎಂದು ಪ್ರಾಣ ಕೊಟ್ಟವರು ಹನ್ನೊಂದು ಸಾವಿರ. ಮೊಟ್ಟೆ ಮುಟ್ಟದವರು ಆ ಕಾಲಂ ಖಾಲಿ ಬಿಡಬೇಡಿ. 'ಅನ್ವಯಿಸುವುದಿಲ್ಲ' ಎಂದು ಬರೆಯಿರಿ. ಖಾಲಿ ಬಿಟ್ಟರೆ ಎರಡೂ ಪಕ್ಷದವರು ನಿಮ್ಮನ್ನು ಎದುರು ಪಕ್ಷಕ್ಕೆ ಸೇರಿಸುತ್ತಾರೆ.

ಪೌರತ್ವ ರದ್ದಾಗುವ ಸಂದರ್ಭವನ್ನು ಗಮನವಿಟ್ಟು ಓದಿ. ಗಲಿವರ್ ಶತ್ರು ಹಡಗುಗಳನ್ನು ಹಗ್ಗ ಕಟ್ಟಿ ಎಳೆದು ತಂದಾಗ ಅತ್ಯುನ್ನತ ಬಿರುದು ಸಿಕ್ಕಿತು. ಆಮೇಲೊಂದು ರಾತ್ರಿ ರಾಣಿಯ ಅರಮನೆಗೆ ಬೆಂಕಿ ಬಿತ್ತು. ಹೊಲಿಗೆಯ ಅಂಗುಸ್ತಾನದಷ್ಟಿದ್ದ ಬಕೆಟ್ಟುಗಳಿಂದ ಏನೂ ಆಗಲಿಲ್ಲ. ಗಲಿವರನಲ್ಲಿ ದೈವಕೃಪೆಯಿಂದ ಬೇರೊಂದು ನೀರಿನ ದಾಸ್ತಾನಿತ್ತು. ಮೂರು ನಿಮಿಷದಲ್ಲಿ ಬೆಂಕಿ ಆರಿತು. ಆದರೆ ಅರಮನೆಯ ಆವರಣದೊಳಗೆ ಮೂತ್ರ ಮಾಡುವುದು ಆ ದೇಶದ ಮೂಲ ಕಾನೂನಿಗೆ ವಿರುದ್ಧ. ರಾಣಿ ಆ ಭಾಗವನ್ನು ಇನ್ನು ಬಳಸುವುದೇ ಇಲ್ಲವೆಂದಳು. ಮುಂದೆ ದೋಷಾರೋಪ ಪಟ್ಟಿ ತಯಾರಾದಾಗ ಇದೇ ಮೊದಲ ಕಲಂ. ದಯೆ ತೋರಿಸಿ, ಕಣ್ಣು ಮಾತ್ರ ಕೀಳುವುದೆಂದು ತೀರ್ಮಾನವಾಯಿತು. ಆದ್ದರಿಂದ ಎಲ್ಲಿಯಾದರೂ ಬೆಂಕಿ ಕಂಡರೆ ಮೊದಲು ಲಿಖಿತ ಅನುಮತಿಗೆ ಅರ್ಜಿ ಹಾಕಿ, ಸ್ವೀಕೃತಿ ಪತ್ರ ಪಡೆದುಕೊಂಡು, ನಂತರ ನಂದಿಸಲು ಮುಂದಾಗಿ.

ಬೆನ್ಸಾಲೆಂ

ಫ್ರಾನ್ಸಿಸ್ ಬೇಕನ್‌ನ 'ನ್ಯೂ ಅಟ್ಲಾಂಟಿಸ್'ನ ದ್ವೀಪ. ಹಡಗು ದಡ ಮುಟ್ಟುವ ಮೊದಲೇ ನೀವು ಕಡಲ್ಗಳ್ಳರಲ್ಲ, ಕಳೆದ ನಲವತ್ತು ದಿನಗಳಲ್ಲಿ ಯಾರ ರಕ್ತವನ್ನೂ ಹರಿಸಿಲ್ಲ ಎಂದು ಆಣೆ ಮಾಡಬೇಕು. ನಲವತ್ತೊಂದನೆಯ ದಿನದ ಬಗ್ಗೆ ಯಾರೂ ಕೇಳುವುದಿಲ್ಲ. ಆಮೇಲೆ ಪರದೇಶಿಗಳ ಛತ್ರದಲ್ಲಿ ಮೂರು ದಿನ ಹೊಸ್ತಿಲು ದಾಟದೆ ಇರಬೇಕು. ನಂತರ ಆರು ವಾರದ ವಾಸಕ್ಕೆ ಅಪ್ಪಣೆ. ಊಟ ಉಪಚಾರ ಸರ್ಕಾರದ್ದು.

ಈಗ ನಂಬಲಾಗದ ಭಾಗ. ಕಾಗದಪತ್ರ ನೋಡಿದ ಅಧಿಕಾರಿಗೆ ನಾವಿಕರು ಸಂತೋಷಕ್ಕೆಂದು ಒಂದಿಷ್ಟು ಚಿನ್ನದ ನಾಣ್ಯ ಕೊಡಲು ಹೋದರು. ಆತ ನಕ್ಕು, ಒಂದೇ ಕೆಲಸಕ್ಕೆ ಎರಡು ಸಲ ಸಂಬಳ ತೆಗೆದುಕೊಳ್ಳಲೇ ಎಂದು ಬೇಡವೆಂದ. ಲಂಚ ತೆಗೆದುಕೊಳ್ಳುವವನಿಗೆ ಆ ನಾಡಿನಲ್ಲಿ ಇರುವ ಬೈಗುಳವೇ ಅದು, ಎರಡು ಸಂಬಳದವನು ಅಂತ. ಇದೇ ಪುಸ್ತಕದಲ್ಲಿ ನೀರಿನೊಳಗೆ ಸಾಗುವ ನೌಕೆಗಳಿವೆ, ಗಾಳಿಯಲ್ಲಿ ಹಾರುವ ಉಪಾಯಗಳಿವೆ. 1620ರ ದಶಕದಲ್ಲಿ ಬರೆದದ್ದು. ಜಲಾಂತರ್ಗಾಮಿ ಬಂತು, ವಿಮಾನ ಬಂತು. ಇದೊಂದು ಬಾಕಿ. ನಮ್ಮ ಅರ್ಜಿದಾರರು ಅಭ್ಯಾಸಬಲದಿಂದ ಕಡತದೊಳಗೆ ನೋಟು ಮಡಚಿಟ್ಟು ಕೊಡಬಾರದು, ಮಧ್ಯವರ್ತಿಗಳನ್ನು ಹುಡುಕಿ ಹೊತ್ತು ಕಳೆಯಲೂಬಾರದು.

ಅಲ್ಲೇ ಉಳಿಯುತ್ತೇವೆ ಎಂದವರಿಗೆ ಒಳ್ಳೆಯ ಏರ್ಪಾಡು ಉಂಟು, ಹಿಂತಿರುಗಬೇಕೆಂದವರನ್ನು ತಡೆಯುವುದಿಲ್ಲ. ಆದರೆ ಹತ್ತೊಂಬತ್ತು ಶತಮಾನಗಳಲ್ಲಿ ಹಿಂತಿರುಗಿದವರು ಹದಿಮೂರೇ ಜನ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೊರಗಿನವರು ತಮ್ಮ ಬಗ್ಗೆ ಏನೂ ತಿಳಿಯಬಾರದೆಂಬುದೂ ಈ ಏರ್ಪಾಡು ಮಾಡಿದ ರಾಜನ ಕಾಯ್ದೆಯ ಉದ್ದೇಶವಾಗಿತ್ತು. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನನಗೆ ಆ ಛತ್ರದ ಊಟ ಸ್ವಲ್ಪ ರುಚಿ ಕೆಟ್ಟಿತು.

ಯುಟೋಪಿಯಾ, ಮ್ಯಾಗ್ನೀಷಿಯಾ, ಲಗ್ನಾಗ್

ಥಾಮಸ್ ಮೋರ್ 1516ರಲ್ಲಿ ಕಟ್ಟಿದ ಯುಟೋಪಿಯಾದಲ್ಲಿ ಪೌರತ್ವ ಸಿಕ್ಕಮೇಲೆಯೇ ಕಷ್ಟ ಶುರು. ಕೆಲಸ ದಿನಕ್ಕೆ ಆರೇ ಗಂಟೆ, ನಿಜ. ಆದರೆ ಪಕ್ಕದ ಊರಿಗೆ ಹೋಗಲೂ ರಹದಾರಿ ಪತ್ರ ಬೇಕು. ಅದಿಲ್ಲದೆ ಸಿಕ್ಕಿಬಿದ್ದರೆ ದಂಡನೆ, ಎರಡನೆಯ ಸಲ ಸಿಕ್ಕಿಬಿದ್ದರೆ ಗುಲಾಮಗಿರಿ. ಒಡವೆ ಹಾಕಿಕೊಂಡು ಸಂದರ್ಶನಕ್ಕೆ ಹೋಗಕೂಡದು. ಅಲ್ಲಿ ಚಿನ್ನದಿಂದ ಗುಲಾಮರ ಬೇಡಿಯನ್ನೂ ರಾತ್ರಿ ಮಂಚದ ಕೆಳಗಿಡುವ ಪಾತ್ರೆಯನ್ನೂ ಮಾಡುತ್ತಾರೆ. ಮೈತುಂಬ ಬಂಗಾರ ಹೇರಿಕೊಂಡು ಬಂದ ರಾಯಭಾರಿಗಳನ್ನು ಗುಲಾಮರೆಂದುಕೊಂಡು ಜನ, ಅವರ ಹಿಂದೆ ಸಾದಾ ಬಟ್ಟೆಯಲ್ಲಿ ನಡೆದು ಬಂದ ಆಳುಗಳಿಗೆ ಕೈಮುಗಿದರು. ಇನ್ನು ವಿದೇಶಿ ಬಡವರಿಗೆ ತೆರೆದಿರುವ ಒಂದು ದಾರಿಯೆಂದರೆ ತಾವಾಗಿಯೇ ಗುಲಾಮರಾಗಿ ಸೇರಿಕೊಳ್ಳುವುದು. ಪ್ರಜೆಗಳಂತೆಯೇ ಮರ್ಯಾದೆಯಿಂದ ನೋಡಿಕೊಳ್ಳುತ್ತಾರೆ, ಕೆಲಸ ಮಾತ್ರ ಸ್ವಲ್ಪ ಹೆಚ್ಚು, ಬಿಟ್ಟು ಹೋಗುವಾಗ ಬರಿಗೈಯಲ್ಲಿ ಕಳಿಸುವುದಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗಿ ಬಂದ ಕರಾವಳಿಯವರಿಗೆ ಇದನ್ನು ಓದಿ ಹೇಳಿದರೆ ಯಾವ ಇಸವಿಯ ಪುಸ್ತಕ ಎಂದು ಕೇಳಬಹುದು.

ಪ್ಲೇಟೋ ತನ್ನ ಕೊನೆಗಾಲದ 'ಲಾಸ್' ಗ್ರಂಥದಲ್ಲಿ ಯೋಜಿಸಿದ ಮ್ಯಾಗ್ನೀಷಿಯಾದಲ್ಲಿ ಮನೆಗಳು ಸರಿಯಾಗಿ 5,040. ಒಂದರಿಂದ ಹತ್ತರವರೆಗಿನ ಎಲ್ಲ ಅಂಕಿಗಳಿಂದಲೂ ನಿಶ್ಶೇಷವಾಗಿ ಭಾಗಿಸಬಹುದಾದ್ದರಿಂದ ಆ ಸಂಖ್ಯೆ. 5,041ನೆಯ ಮನೆಯವರು ಅರ್ಜಿ ಹಾಕುವುದು ವ್ಯರ್ಥ. ಕಸುಬು ಗೊತ್ತಿದ್ದರೆ ಇಪ್ಪತ್ತು ವರ್ಷ ಇರಬಹುದು, ಆಮೇಲೆ ಗಂಟುಮೂಟೆ ಕಟ್ಟಬೇಕು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತ ನಮ್ಮ ಹುಡುಗರಿಗೆ ಇಪ್ಪತ್ತು ವರ್ಷವೆಂದರೆ ಹೊಸದೇನಲ್ಲ. ಅಲ್ಲಿಯೂ ಲೆಕ್ಕ ಭಾಗಾಕಾರದ್ದೇ, ಒಂದು ದೇಶದವರಿಗೆ ನೂರಕ್ಕೆ ಏಳು.

ಲಗ್ನಾಗ್ ಕೂಡ ಸ್ವಿಫ್ಟ್‌ನದೇ. ರಾಜದರ್ಶನಕ್ಕೆ ಹೊಟ್ಟೆಯ ಮೇಲೆ ತೆವಳಿಕೊಂಡು ನೆಲದ ಧೂಳು ನೆಕ್ಕುತ್ತ ಹೋಗಬೇಕು. ರಾಜನಿಗೆ ಆಗದವರಿದ್ದರೆ ಧೂಳಿಗೆ ವಿಷ ಬೆರೆಸುತ್ತಾರೆ. ಅಲ್ಲಿ ಕೆಲವರು ಸಾವೇ ಇಲ್ಲದೆ ಹುಟ್ಟುತ್ತಾರೆ. ಎಂಬತ್ತು ತುಂಬಿದೊಡನೆ ಕಾನೂನಿನ ಪ್ರಕಾರ ಅವರು ಸತ್ತಂತೆ: ಆಸ್ತಿ ಮಕ್ಕಳಿಗೆ, ಮದುವೆ ರದ್ದು. ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಬ್ಯಾಂಕಿನಲ್ಲಿ ಬೆರಳೊತ್ತಿ ಬರುವ ನಮ್ಮ ಪಿಂಚಣಿದಾರರು ಈ ದೇಶದ ಆಸೆ ಬಿಡುವುದು ಒಳ್ಳೆಯದು.

ಸ್ವಂತ ದೇಶ ಮಾಡಿಕೊಳ್ಳುವವರಿಗೆ

ಪುಸ್ತಕದ ದೇಶ ಬೇಡವೆಂದರೆ ತಾವೇ ಒಂದು ಘೋಷಿಸಬಹುದು. ಬಿಡದಿಯಲ್ಲಿ ಆಶ್ರಮ ನಡೆಸುತ್ತಿದ್ದ ನಿತ್ಯಾನಂದ ಕೈಲಾಸವೆಂಬ ದೇಶ ಘೋಷಿಸಿದರು. 2023ರಲ್ಲಿ ಅಮೆರಿಕದ ನೆವಾರ್ಕ್ ನಗರ ಅದರೊಂದಿಗೆ ಸೋದರ ನಗರ ಒಪ್ಪಂದ ಮಾಡಿಕೊಂಡು, ಅಂಥ ದೇಶವೇ ಇಲ್ಲವೆಂದು ಗೊತ್ತಾದ ಮೇಲೆ ರದ್ದು ಮಾಡಿತು. ಅದೇ ವರ್ಷ ಪರಾಗ್ವೆಯ ಅಧಿಕಾರಿಯೊಬ್ಬರು ಅದರೊಂದಿಗೆ ಕಾಗದಕ್ಕೆ ಸಹಿ ಹಾಕಿ ಕೆಲಸ ಕಳೆದುಕೊಂಡರು. ನನ್ನ ವಾಸಸ್ಥಳ ಪತ್ರಕ್ಕೆ ಬೇಕಾದ ದಾಖಲೆಗಳ ಪಟ್ಟಿ ನೆನೆದು ನೆವಾರ್ಕ್ ಕಚೇರಿಯ ಮೇಲೆ ನನಗೆ ಪ್ರೀತಿ ಹುಟ್ಟಿತು.

ಸ್ವೀಡನ್ನಿನ ಕಲಾವಿದ ಲಾರ್ಸ್ ವಿಲ್ಕ್ಸ್ ಕಡಲಂಚಿನ ಬಂಡೆಗಳ ಮೇಲೆ ತೇಲಿಬಂದ ಮರದ ತುಂಡುಗಳಿಂದ ಶಿಲ್ಪ ಕಟ್ಟಿದ್ದರು. ಅದನ್ನು ಕೆಡವಬೇಕೆಂದು ಆಡಳಿತ ಹಟ ಹಿಡಿದಾಗ, 1996ರಲ್ಲಿ ಆ ಜಾಗವನ್ನು ಲಡೋನಿಯಾ ಎಂದು ಸ್ವತಂತ್ರಗೊಳಿಸಿದರು. ಪೌರತ್ವ ಉಚಿತ. ಇದು ವಿನೋದವೆಂದು ಎಲ್ಲರಿಗೂ ಅರ್ಥವಾಗಿದೆ ಅಂದುಕೊಂಡಿದ್ದರು. ಆಮೇಲೆ ಪಾಕಿಸ್ತಾನದಿಂದ ಸಾವಿರಾರು ಅರ್ಜಿಗಳು ಬಂದವು. ಕೆಲಸ ಸಿಗುತ್ತದೆಯೇ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಾವಾಗ ಬರಬಹುದು ಎಂದು ಕೇಳಿದ್ದವರೂ ಇದ್ದರು. ಇಲ್ಲಿ ಬಂಡೆ, ಗಾಳಿ, ಮರದ ತುಂಡು ಬಿಟ್ಟರೆ ಏನೂ ಇಲ್ಲವೆಂದು ತಿಳಿಸಿ ಹೇಳಬೇಕಾಯಿತು. ಈ ಪುಟ ಬರೆಯುವಾಗ ಕೈಪಿಡಿಯ ಹುಮ್ಮಸ್ಸು ನನಗೆ ಸ್ವಲ್ಪ ಇಳಿಯಿತು. ಭಾಗದ ಶೀರ್ಷಿಕೆ ಬದಲಿಸೋಣವೆಂದುಕೊಂಡು ಹಾಗೆಯೇ ಬಿಟ್ಟೆ.

ಅರ್ಜಿ ತಿರಸ್ಕೃತವಾದಲ್ಲಿ

ಗಲಿವರನ ಕೊನೆಯ ಪ್ರವಾಸ ಮಾತನಾಡುವ, ಸುಳ್ಳೆಂಬ ಶಬ್ದವೇ ಗೊತ್ತಿಲ್ಲದ ಕುದುರೆಗಳ ನಾಡಿಗೆ. ಅಲ್ಲಿ ಮನುಷ್ಯರನ್ನು ಹೋಲುವ ಯಾಹೂಗಳೆಂಬ ಹೊಲಸು ಪ್ರಾಣಿಗಳೂ ಇವೆ. ಅವನು ಕುದುರೆಗಳ ಭಾಷೆ ಕಲಿತ, ಅವುಗಳ ನಡಿಗೆಯನ್ನೂ ಕಲಿತ, ಇಲ್ಲೇ ಸಾಯುತ್ತೇನೆಂದು ನಿಶ್ಚಯಿಸಿದ. ಭಾಷೆ, ವಾಸ, ಸನ್ನಡತೆ, ಯಾವುದರಲ್ಲೂ ಕೊರತೆಯಿರಲಿಲ್ಲ. ಆದರೆ ಮಹಾಸಭೆಯಲ್ಲಿ ಆಕ್ಷೇಪಣೆ ಬಂತು: ನೋಡಲು ಯಾಹೂ, ಜತೆಗೆ ಒಂದಿಷ್ಟು ಬುದ್ಧಿ ಬೇರೆ, ನಾಳೆ ಉಳಿದ ಯಾಹೂಗಳನ್ನು ಬೆಟ್ಟಕ್ಕೆ ಕರೆದೊಯ್ದು ಗುಂಪು ಕಟ್ಟಿಕೊಂಡು ರಾತ್ರಿ ದನಕರುಗಳ ಮೇಲೆ ಬಿದ್ದರೆ? ಅವನು ಹಾಗೆ ಮಾಡಿದ್ದನೆಂದಲ್ಲ. ಮಾಡಬಹುದು ಎಂಬ ವರದಿ.

ಅಲ್ಲಿ ಯಾರೂ ಯಾರಿಗೂ ಆದೇಶ ಕೊಡುವುದಿಲ್ಲ, ಸಲಹೆ ಮಾತ್ರ. ಆದ್ದರಿಂದ ಈಜಿಕೊಂಡು ಬಂದ ಕಡೆಗೆ ಹೋಗಲಿ ಎಂದು ಸಲಹೆ ಕೊಟ್ಟರು. ಯಜಮಾನ ಕುದುರೆ ದೋಣಿ ಕಟ್ಟಲು ಎರಡು ತಿಂಗಳು ಸಮಯ ಕೊಡಿಸಿತು, ಹೊರಡುವಾಗ ಗೊರಸನ್ನೆತ್ತಿ ಅವನ ಬಾಯಿಗೆ ತಂದಿತು, ಮುತ್ತಿಡಲೆಂದು. ಮೇಲ್ಮನವಿಗೆ ಅವಕಾಶವಿಲ್ಲ.

ಅರ್ಜಿ ತಿರಸ್ಕೃತವಾದವರು ಸ್ವಂತ ಊರಿಗೆ ಮರಳಿದ ಮೇಲೆ ಹೆಂಡತಿ ಮಕ್ಕಳ ವಾಸನೆ ಸಹಿಸಲಾಗದೆ ಹೋಗಬಹುದು. ಗಲಿವರನಿಗೆ ಮೊದಲ ವರ್ಷ ಹಾಗೆಯೇ ಆಯಿತು. ಅಂಥವರು ಎರಡು ಗಂಡು ಕುದುರೆ ಕೊಂಡು, ಒಳ್ಳೆಯ ಲಾಯ ಕಟ್ಟಿಸಿ, ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಅವುಗಳೊಡನೆ ಮಾತನಾಡತಕ್ಕದ್ದು. ಲಾಯಕ್ಕೆ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕಾಗುತ್ತದೆ. ಅರ್ಜಿಯೊಂದಿಗೆ ವಾಸಸ್ಥಳ ದೃಢೀಕರಣ ಪತ್ರ ಲಗತ್ತಿಸಿ.