ಅಜ್ಜಿಯ ಪಾವು

ನಮ್ಮಜ್ಜಿಯ ಅಡುಗೆಯನ್ನು ಬರೆದಿಟ್ಟುಕೊಳ್ಳಲು ಹೊರಟವರೆಲ್ಲ ಎಡವಿದ್ದು ಒಂದೇ ಜಾಗದಲ್ಲಿ. 'ಒಂದು ಪಾವು ಅಕ್ಕಿ' ಎನ್ನುತ್ತಿದ್ದಳು. ಯಾವ ಪಾವು? ನಮ್ಮ ಮನೆಯದು ತಳ ಜಜ್ಜಿಹೋದ ಹಿತ್ತಾಳೆಯದು. ಅದರಲ್ಲಿ ಹಿಡಿಸಿದಷ್ಟೇ ಪಾವು ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡಿದ್ದೆವು. ಚಿಕ್ಕಮ್ಮ ಮದುವೆಯಾಗಿ ಹೋದ ಮನೆಯ ಪಾವು ಇನ್ನೂ ಚಿಕ್ಕದು. ಅಕ್ಕಿ ಪಾವಿನ ಲೆಕ್ಕ, ಬೆಲ್ಲ ಅಚ್ಚಿನ ಲೆಕ್ಕ. ಮೊದಲ ದೀಪಾವಳಿಯಲ್ಲಿ ಅವಳು ಮಾಡಿದ ಕಜ್ಜಾಯಕ್ಕೆ ಬೆಲ್ಲ ಹೆಚ್ಚಾಗಿ, ಬಾಣಲೆಯಲ್ಲೇ ಕರಗಿಹೋಯಿತು.

ಆ ಪಾವು ನನಗೆ ಮತ್ತೆ ಸಿಕ್ಕಿದ್ದು ಸಿ ಭಾಷೆಯಲ್ಲಿ. ಅಲ್ಲಿ ಅದರ ಹೆಸರು 'ಇಂಟ್'. ಪೂರ್ಣಾಂಕ ತುಂಬಿಡುವ ಪಾತ್ರೆ. ತೊಂಬತ್ತರ ದಶಕದ ಶುರುವಿನಲ್ಲಿ ಭಾವನ ಊರಿನ ಅಡಿಕೆ ಸೊಸೈಟಿಗೆಂದು ಒಂದು ಲೆಕ್ಕದ ಪ್ರೋಗ್ರಾಂ ಬರೆದಿದ್ದೆ. ಬರೆದದ್ದು ನಮ್ಮ ಆಫೀಸಿನ ಯುನಿಕ್ಸ್ ಯಂತ್ರದಲ್ಲಿ. ಅಲ್ಲಿ ಇಂಟ್ ಎಂದರೆ 32 ಬಿಟ್. ಸೊಸೈಟಿಯಲ್ಲಿದ್ದ ಡಾಸ್ ಪೀಸಿಯಲ್ಲಿ 16 ಬಿಟ್. ಆ ಪಾವು 32,767ಕ್ಕೆ ಭರ್ತಿ. ಮೇಲೊಂದು ಕಿಲೋ ಸುರಿದರೆ ಚೆಲ್ಲುವುದೂ ಇಲ್ಲ, ಮಗುಚಿಕೊಂಡು ಮೈನಸ್ 32,768 ಆಗುತ್ತದೆ. ಭಾವ ಫೋನು ಮಾಡಿದ: "ಏನು ಭಾವ ಇದು, ನಿನ್ನೆವರೆಗೆ ಬೆಳೆಗಾರರು ಅಡಿಕೆ ತಂದು ಹಾಕ್ತಿದ್ರು, ಇವತ್ತು ಸೊಸೈಟಿಯೇ ಅವರಿಗೆ ಕೊಡಬೇಕು ಅಂತಿದೆ?"

ತಪ್ಪು ನನ್ನದೇ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆ ಕಟ್ಟಿದ ಡೆನಿಸ್ ರಿಚಿ, ಇಂಟ್ ಇಷ್ಟೇ ಎಂದು ಹಟ ಹಿಡಿಯಲಿಲ್ಲ. ಆಯಾ ಯಂತ್ರಕ್ಕೆ ಸಲೀಸಾದ ಅಳತೆ ಎಂದು ಬಿಟ್ಟುಕೊಟ್ಟರು. 1989ರ ಅಮೆರಿಕನ್ ಮಾನಕವೂ ಕನಿಷ್ಠ 16 ಬಿಟ್ ಇರಲಿ, ಉಳಿದದ್ದು ಕಂಪೈಲರ್ ಮಾಡುವವರಿಗೆ ಬಿಟ್ಟದ್ದು ಎಂದಿತು. ಅಜ್ಜಿಯ ಬಾಯಲ್ಲಾದರೆ, 'ಹದ ನೋಡಿಕೊಂಡು ಹಾಕು'. ಈ ಸಡಿಲಿನಿಂದಲೇ ಸಿ ಕಂಡಕಂಡ ಯಂತ್ರದಲ್ಲೆಲ್ಲ ಬೇರೂರಿತು, ಈ ಸಡಿಲಿನಲ್ಲೇ ನನ್ನಂಥವರು ಜಾರಿಬಿದ್ದೆವು.

ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮನ್ನು 1973ರಲ್ಲಿ ಸಿ ಭಾಷೆಗೆ ತಿರುಗಿಸಿ ಬರೆದ ಮೇಲೆಯೇ ಅದಕ್ಕೆ ಊರು ಬಿಡುವ ಯೋಗ ಬಂದದ್ದು. ಅಲ್ಲಿಯವರೆಗೆ ಅದು ಅಸೆಂಬ್ಲಿಯಲ್ಲಿತ್ತು, ಅಂದರೆ ಒಂದೇ ಜಾತಿಯ ಯಂತ್ರದ ಮಾತಿನಲ್ಲಿ. ಬೆಲ್ ಲ್ಯಾಬ್ಸ್‌ನವರೇ ಆದ ಸ್ಟೀವ್ ಜಾನ್ಸನ್ ಸಿ ಕಂಪೈಲರನ್ನು ಎರಡು ಪಾಲು ಮಾಡಿದರು: ಭಾಷೆ ತಿಳಿದ ಪಾಲು, ಯಂತ್ರ ತಿಳಿದ ಪಾಲು. ಹೊಸ ಯಂತ್ರ ಬಂದಾಗ ಬಹುಮಟ್ಟಿಗೆ ಎರಡನೆಯದನ್ನಷ್ಟೇ ಹೊಸದಾಗಿ ಬರೆದರಾಯಿತು. ಹೀಗೆ ಯುನಿಕ್ಸನ್ನು ಪಿಡಿಪಿ-11ರಿಂದ ಇಂಟರ್‌ಡೇಟಾ 8/32 ಯಂತ್ರಕ್ಕೆ ಸಾಗಿಸಿದರು.

ಇಂಥ ಸಾಗಾಟದಲ್ಲಿ ಹೊಸ ಯಂತ್ರ ತನ್ನ ಹೆಸರು ಹೇಳುವಾಗ 'ಯುನಿಕ್ಸ್' ಎನ್ನುವ ಬದಲು 'ನುಕ್ಸಿ' ಎಂದಿತು ಎನ್ನುವುದು ಹಳಬರು ಹೇಳುವ ಕತೆ. ಒಂದು ಯಂತ್ರ ಸಂಖ್ಯೆಯ ಚಿಕ್ಕ ತುದಿಯನ್ನು ಮೊದಲಿಡುತ್ತದೆ, ಇನ್ನೊಂದು ದೊಡ್ಡ ತುದಿಯನ್ನು. ಹಾಗಾಗಿ ಎರಡೆರಡು ಅಕ್ಷರ ಅದಲುಬದಲು. ನಮಗೆ ಇದರಲ್ಲಿ ನಗಲು ಏನೂ ಇಲ್ಲ. ಕನ್ನಡದ ಇಪ್ಪತ್ತೊಂದರಲ್ಲಿ ಇಪ್ಪತ್ತು ಮುಂದು, ಸಂಸ್ಕೃತದ ಏಕವಿಂಶತಿಯಲ್ಲಿ ಒಂದು ಮುಂದು. ಧೀರಶಂಕರಾಭರಣ ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಗೆ, ಅಕ್ಷರವನ್ನು ಅಂಕಿಯಾಗಿಸುವ ಕಟಪಯಾದಿಯಲ್ಲಿ, 9 ಮತ್ತು 2. ತಿರುಗಿಸಿ ಓದಿದರೆ 29ನೇ ಮೇಳಕರ್ತ. ಗುಟ್ಟು ತಿಳಿಯದವನು 92ನೆಯದನ್ನು ಹುಡುಕುತ್ತ ಕೂರಬೇಕು, ಇರುವುದೇ 72.

ಅಜ್ಜಿ ಕಾಶಿಗೆ ಹೊರಟಾಗ ಮಾತ್ರ ಹದದ ಮಾತೇ ಇಲ್ಲ. ಪರಊರಿನ ಒಲೆಯಲ್ಲಿ ಮಡಿ ಉಳಿಯುತ್ತದೆಯೇ? ಸೀಮೆಎಣ್ಣೆ ಸ್ಟವ್, ಪಾತ್ರೆ, ಅದೇ ಜಜ್ಜಿದ ಪಾವು ಎಲ್ಲವನ್ನೂ ಕಟ್ಟಿಕೊಂಡು ರೈಲು ಹತ್ತಿದಳು. 1995ರಲ್ಲಿ ಸನ್ ಕಂಪನಿಯಿಂದ ಜಾವಾ ಬಂದಾಗ ನನಗೆ ನೆನಪಾದದ್ದು ಆ ಗಂಟು. ಜೇಮ್ಸ್ ಗಾಸ್ಲಿಂಗ್ ಅವರ ಈ ಭಾಷೆಯಲ್ಲಿ ಇಂಟ್ ಎಲ್ಲಿ ಹೋದರೂ 32 ಬಿಟ್. ಪ್ರೋಗ್ರಾಂ ಓಡುವುದು ಮನೆಯವರ ಒಲೆಯ ಮೇಲಲ್ಲ, ಅದರ ಮೇಲಿಟ್ಟ ತನ್ನದೇ ವರ್ಚುಯಲ್ ಮೆಷಿನ್ನಿನಲ್ಲಿ. ಆದರೆ ಆ ಸ್ಟವ್ವನ್ನು ಪ್ರತಿ ಊರಿಗೂ ಹೊಂದುವಂತೆ ಯಾರೋ ಮಾಡಿಕೊಡಬೇಕಲ್ಲ. ಅದನ್ನು ಮಾಡಿದ್ದು ಹೆಚ್ಚಾಗಿ ಸಿ ಮತ್ತು ಅದರ ತಂಗಿ ಸಿ++ನಲ್ಲಿ. ಮಡಿಯವರ ನೀರು ಎಲ್ಲಿಂದ ಬಂತೆಂದು ಕೆದಕಬಾರದು.

ಅಂದು ಭಾವನ ಫೋನು ಬಂದ ಮೇಲೆ ಸೊಸೈಟಿಗೆ ಹೋಗಿ 'ಇಂಟ್' ಇದ್ದಲ್ಲೆಲ್ಲ 'ಲಾಂಗ್' ಎಂದು ತಿದ್ದಿದೆ. ಅದು ಎಲ್ಲೇ ಆದರೂ 32 ಬಿಟ್ಟಿಗೆ ಕಡಿಮೆ ಇರುವಂತಿಲ್ಲ. ಎಷ್ಟು ಹಿಡಿಯುತ್ತದೆ ಎಂದು ಭಾವ ಕೇಳಿದ. 214 ಕೋಟಿ ಕಿಲೋವರೆಗೂ ತೊಂದರೆಯಿಲ್ಲ ಎಂದೆ.

ಅವನ ಮುಖ ಇಳಿಯಿತು. "ಅಷ್ಟು ಅಡಿಕೆ ಬಂದ್ರೆ ರೇಟು ಏನಾಗಬೇಕು ಭಾವ?"