ಡೀಸೆಲ್ ಪ್ರಮಾಣಮೀಮಾಂಸೆ

ಭಟ್ಕಳದಿಂದ ಹೊನ್ನಾವರಕ್ಕೂ ಹೊನ್ನಾವರದಿಂದ ಕುಮಟೆಗೂ ಜನರನ್ನು ಹೊತ್ತು ಸಂಚರಿಸುವ ಟೆಂಪೊಗಳ ಚಾಲಕರು ತಮ್ಮ ಗಾಡಿಗೆ ಪಿಕಪ್ಪು ಸಾಲದೆಂದು ಪರಿತಪಿಸುವುದು ಲೋಕವಿದಿತವಾದರೂ, ಆ ಪರಿತಾಪದ ತಾತ್ತ್ವಿಕ ಮೂಲವನ್ನು ವಿದ್ವಾಂಸರು ಶೋಧಿಸದಿರುವುದು ನಮ್ಮ ಪಾಂಡಿತ್ಯಕ್ಕೆ ಕಳಂಕಪ್ರಾಯವಾಗಿದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಯಂತ್ರವನ್ನು ಪರೀಕ್ಷೆಗೊಡ್ಡಿದ ರುಡಾಲ್ಫ್ ಡೀಸೆಲನು ಅದಕ್ಕೆ ಶ್ವಾಸವನ್ನೂ ಜಠರಾಗ್ನಿಯನ್ನೂ ಕೊಟ್ಟನೇ ಹೊರತು ಜ್ಞಾನೇಂದ್ರಿಯಗಳನ್ನು ಕೊಡಲಿಲ್ಲ. ಅವು ಬಹುಕಾಲದ ಮೇಲೆ ಸೆನ್ಸರುಗಳ ರೂಪದಲ್ಲಿ ಬಂದುವು. ಇಂದ್ರಿಯಗಳುಳ್ಳದ್ದಕ್ಕೆ ಭ್ರಾಂತಿಯೂ ತಪ್ಪಿದ್ದಲ್ಲವಷ್ಟೆ.

ಗ್ಯಾರೇಜುಗಳಲ್ಲಿ ಎರಡು ಪಕ್ಷಗಳುಂಟು. ಪೂರ್ವಪಕ್ಷದವರಾದ ಗಾಳಿವಾದಿಗಳು ಕಂಪೆನಿಯ ಫಿಲ್ಟರು ಡಬ್ಬಿಯನ್ನು ಕಿತ್ತು ಶಂಕುವಿನಾಕಾರದ ಬಯಲು ಫಿಲ್ಟರನ್ನು ತೊಡಿಸುವರು. ಡೀಸೆಲ್ ಎಂಜಿನ್ನಿಗೆ ಗಾಳಿ ಸಾಮಾನ್ಯವಾಗಿ ಬೇಕಾದುದಕ್ಕಿಂತ ಹೆಚ್ಚೇ ಇದ್ದು ಬಲವನ್ನು ನಿರ್ಣಯಿಸುವುದು ಇಂಧನವೆಂದೂ, ಬಾನೆಟ್ಟಿನೊಳಗಿನ ಗಾಳಿಯು ಕಾವು 10 ಡಿಗ್ರಿ ಏರಿದರೆ ಶೇಕಡಾ 3ರಷ್ಟು ವಿರಳವಾಗುವುದೆಂದೂ ಆಕ್ಷೇಪಿಸಿದರೆ, ಅವರು ಎಕ್ಸಲೇಟರು ಒತ್ತಿ ಸದ್ದು ಕೇಳಿಸುವರು. ಶಬ್ದವನ್ನು ಪರಮಪ್ರಮಾಣವೆಂದ ಮೀಮಾಂಸಕರು ಇದಕ್ಕಿಂತ ಹೆಚ್ಚೇನು ಕೇಳಿಯಾರು? ಆಷಾಢದಲ್ಲಿ ಹೆದ್ದಾರಿಯ ಮೇಲೆ ನಿಂತ ನೀರನ್ನು ಆ ಫಿಲ್ಟರು ಹೀರಿತೆಂದರೆ, ನೀರು ಸಂಕೋಚಕ್ಕೊಪ್ಪದ ದ್ರವ್ಯವಾದುದರಿಂದ ಕನೆಕ್ಟಿಂಗ್ ರಾಡೇ ಬಾಗುವುದು. ಈ ವಿನಯದ ಪ್ರಸ್ತಾಪ ಅವರ ಶಾಸ್ತ್ರದಲ್ಲಿಲ್ಲ.

ಸಿದ್ಧಾಂತಿಗಳಾದ ಸೆನ್ಸರುವಾದಿಗಳ ಮಾರ್ಗ ಸೂಕ್ಷ್ಮತರವಾದುದು. ಒಳಬರುವ ಗಾಳಿಯ ತಾಪವನ್ನಳೆಯುವ ಸೆನ್ಸರಿನ ವಿದ್ಯುದ್ರೋಧವು ಚಳಿಯಲ್ಲಿ ಏರಿ ಸೆಕೆಯಲ್ಲಿ ಇಳಿಯತಕ್ಕದ್ದಾದುದರಿಂದ, ಅದರ ತಂತಿಗೆ ಅಗ್ಗದ ರೆಸಿಸ್ಟರೊಂದನ್ನು ಬೆಸೆದುಬಿಟ್ಟರೆ, ವೈಶಾಖದ ನಡುಹಗಲಿನಲ್ಲಿ ಕುಮಟೆಯ ಬಸ್‌ಸ್ಟ್ಯಾಂಡಿನೆದುರು ಕುದಿಯುತ್ತ ನಿಂತ ಟೆಂಪೊವಿನ ಎಂಜಿನ್ನು ತಾನು ಬದರಿಕಾಶ್ರಮದ ಹಿಮದಲ್ಲಿರುವೆನೆಂದು ನಂಬಿ, ಶೀತವಾಯು ಸಾಂದ್ರವಾದುದೆಂಬ ನಿಯಮವನ್ನು ನೆನೆದು, ಅಲ್ಲಿಲ್ಲದ ಗಾಳಿಯ ಪಾಲಿಗೂ ಸೇರಿಸಿ ಡೀಸೆಲನ್ನು ಸುರಿಯುವುದು. ಹಗ್ಗವನ್ನು ಹಾವೆಂದು ಕಂಡವನ ಭ್ರಾಂತಿ ದೀಪ ತಂದೊಡನೆ ಅಳಿಯುವುದಂತೆ; ಇಲ್ಲಿ ಡ್ಯಾಶ್‌ಬೋರ್ಡಿನ ಹಳದಿ ದೀಪವು ತಾನಾಗಿಯೇ ಹೊತ್ತಿಕೊಂಡು ಭ್ರಾಂತಿಯನ್ನು ಸಾರಿದರೂ, ಅದರ ಮೇಲೊಂದು ಸ್ಟಿಕ್ಕರು ಅಂಟಿಸಿ ಮಾಯಾವಾದವನ್ನು ಸಂರಕ್ಷಿಸುವರು.

ಇದರ ಫಲವಾದ ಕಪ್ಪು ಹೊಗೆಯು ತರ್ಕಶಾಸ್ತ್ರಕ್ಕೆ ಒಡ್ಡುವ ಸಂಕಟ ಇನ್ನೂ ಗಹನವಾದುದು. ಬೆಟ್ಟದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಅನುಮಾನಿಸುವುದು ನೈಯಾಯಿಕರ ಸನಾತನ ದೃಷ್ಟಾಂತ. ಅವರೊಮ್ಮೆ ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟವನ್ನೇರುವ ಇಂಥದೊಂದು ಗಾಡಿಯ ಬೆನ್ನುಹತ್ತಿದ್ದರೆ, ಆ ಹೊಗೆಯು ಪೂರ್ತಿಯಾಗಿ ಉರಿಯದುಳಿದ ಇಂಧನದ ಮಸಿಯೆಂದೂ, ಬೆಂಕಿಯ ಸದ್ಭಾವಕ್ಕಿಂತ ಅದರ ಕೊರತೆಗೇ ಹೇತುವೆಂದೂ ಮನಗಂಡು ಗ್ರಂಥಗಳನ್ನು ತಿದ್ದಿಕೊಳ್ಳುತ್ತಿದ್ದರು. ಚಾಲಕನಾದರೋ ಅದರಿಂದ ಬಲವನ್ನೇ ಅನುಮಾನಿಸುವನು. ಹಿಂದಿನ ಟೆಂಪೊ ಕಾಣದಂತಾಯಿತೆಂಬುದು ಅವನಿಗೆ ಅನುಪಲಬ್ಧಿಪ್ರಮಾಣ.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕನು ವಿಧಿಸಿದ ಲಕ್ಷಣಗಳಿಗೆ ಭಿನ್ನವಾಗುವ ಮಾರ್ಪಾಡನ್ನು ನಿಷೇಧಿಸಿರುವುದಾದರೂ, ರೆಸಿಸ್ಟರು ಅಣುರೂಪಿಯಾದುದರಿಂದ ಚರ್ಮಚಕ್ಷುಗಳಿಗೆ ಗೋಚರಿಸದು.

ಹೀಗೆ ಸಂಪಾದಿಸಿದ ಬಲದ ವಿನಿಯೋಗವೊಂದು ಉಳಿಯಿತು. ಹೊನ್ನಾವರದಿಂದ ಕುಮಟೆಗೆ ಸುಮಾರು 20 ಕಿಲೋಮೀಟರು. ಕರ್ಕಿಯಲ್ಲಿ ಇಬ್ಬರು ಕೈ ತೋರುವರು, ಹಳದೀಪುರದಲ್ಲಿ ಶಾಲೆ ಬಿಟ್ಟ ಮಕ್ಕಳು, ಧಾರೇಶ್ವರದಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸು. ಟೆಂಪೊ ಒಂದೊಂದು ಕೈಗೂ ನಿಂತು, ಒಂದು ಕೈಗೂ ಮತ್ತೊಂದು ಕೈಗೂ ನಡುವಿನ ಫರ್ಲಾಂಗಿನಲ್ಲಿ ಹಿಮಾಲಯದ ಬಲವನ್ನೆಲ್ಲ ವ್ಯಯಿಸುವುದು. “ಅಕ್ಕಾ, ಬೇಗ ಹತ್ತಿ, ಗಾಡಿ ನಿಲ್ಲೂದಿಲ್ಲ” ಎಂದು ಕ್ಲೀನರು ಕೂಗುವನು. ಗಾಡಿಯಾದರೋ ಇನ್ನಿಬ್ಬರು ಬರುವವರೆಗೆ ನಿಂತೇ ಇರುವುದು.